ಹೇಳೋ ವೈರು, ಕೇಳೋ ವೈರು

ಮನುಷ್ಯ ಯಾವ ಕಟ್ಟಡದೊಳಗೆ ಕುಳಿತು ಸಂಬಳ ತೆಗೆದುಕೊಳ್ಳುತ್ತಾನೋ ಆ ಕಟ್ಟಡದ ವಿದ್ಯೆಯೆಲ್ಲ ಅವನಿಗೆ ಬಂದುಬಿಟ್ಟಿರುತ್ತದೆ ಎಂದು ನಂಬುವುದರಲ್ಲಿ ನಮ್ಮ ನೆಂಟರನ್ನು ಮೀರಿಸುವವರಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಹರಿದುಕೊಡುವ ನಮ್ಮ ದೊಡ್ಡಪ್ಪನ ಮಗನಿಗೆ ಮದುವೆಮನೆಗಳಲ್ಲಿ ನಾಲಿಗೆ ಚಾಚಿ ತೋರಿಸುವವರಿದ್ದಾರೆ. ಅವನೂ ಗಂಭೀರವಾಗಿ ನೋಡಿ, “ಖಾರ ಕಮ್ಮಿ ಮಾಡಿ” ಅನ್ನುತ್ತಾನೆ. ನಾನಿರುವುದು ಸೇಲಂನಲ್ಲಿ, ಕರೆಂಟ್ ಆಫೀಸಿನಲ್ಲಿ. ಅಲ್ಲಿ ನನ್ನ ಕೆಲಸ ಸಿಬ್ಬಂದಿಯ ರಜೆ ಅರ್ಜಿಗಳನ್ನು ನೋಡುವುದು. ಯಾರಿಗೆ ಯಾವಾಗ ಜ್ವರ ಬಂತು, ಯಾರ ಅಜ್ಜಿ ಎಷ್ಟನೆಯ ಸಲ ತೀರಿಕೊಂಡರು ಎಂಬುದರಲ್ಲಿ ನನಗೆ ಒಳ್ಳೆಯ ಪಾಂಡಿತ್ಯವಿದೆ. ಕರೆಂಟಿನ ವಿಷಯದಲ್ಲಿ ಮಾತ್ರ, ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ ಎಂಬಲ್ಲಿಗೆ ನನ್ನ ಜ್ಞಾನ ನಿಲ್ಲುತ್ತದೆ. ಮನೆಯಲ್ಲಿ ಫ್ಯೂಸ್ ಹೋದರೆ ಸ್ಟೂಲು ಹತ್ತುವವಳು ನನ್ನ ಹೆಂಡತಿ ಪದ್ಮಾ. ನಾನು ಕೆಳಗೆ ನಿಂತು ಟಾರ್ಚ್ ಹಿಡಿಯುತ್ತೇನೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂದು ಅವಳ ದೂರು. “ನನ್ನ ಮುಖಕ್ಕೆ ಯಾಕ್ರೀ ಬಿಡ್ತೀರ, ಫ್ಯೂಸು ನನ್ನ ಮೂಗಿನಲ್ಲಿದೆಯಾ?” ಎಂದು ಕೇಳುತ್ತಾಳೆ.

ಇದೆಲ್ಲ ನಮ್ಮ ಮನೆಯ ನಾಲ್ಕು ಗೋಡೆಗಳೊಳಗಿನ ಮಾತು. ಪದ್ಮಾಳ ತವರಿನಲ್ಲಿ ನನ್ನ ಕೀರ್ತಿಯೇ ಬೇರೆ. ಅಲ್ಲಿ ನಾನು ‘ಕರೆಂಟ್ ಆಪೀಸ್ ಅಳಿಯ’. ಹಬ್ಬಕ್ಕೆ ಹೋದಾಗ ಎಲೆ ಹಾಕುವ ಮೊದಲೇ ಯಾರಾದರೂ ಇಸ್ತ್ರಿಪೆಟ್ಟಿಗೆಯನ್ನೋ ಮಿಕ್ಸಿಯನ್ನೋ ತಂದು ನನ್ನ ಮುಂದೆ ಇಡುತ್ತಾರೆ. ನಾನು ಅದನ್ನು ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇದು ಒಳಗಡೆ ಹೋಗಿದೆ” ಎನ್ನುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಪದ್ಮಾಳಿಗೆ ನಿಜ ಗೊತ್ತು, ಆದರೆ ತವರಿನಲ್ಲಿ ಗಂಡನ ಮಾನ ಕಳೆಯುವ ಪೈಕಿಯಲ್ಲ ಅವಳು. ಮಿಕ್ಸಿಯನ್ನು ಬ್ಯಾಗಿಗೆ ಹಾಕಿಕೊಂಡು ಸೇಲಂಗೆ ತಂದು, ತಾನೇ ಬಿಚ್ಚಿ ಸರಿಮಾಡಿ, “ನಿಮ್ಮ ಬಾವ ರಿಪೇರಿ ಮಾಡಿದ್ರು” ಎಂದು ವಾಪಸು ಕಳಿಸುತ್ತಾಳೆ. ಹೀಗೆ ನಮ್ಮ ಸಂಸಾರ ಸುಖವಾಗಿ ಸಾಗುತ್ತಿರುವಾಗ ನಡುವೆ ಬಂದದ್ದು ದೋಣಿ.

ದೋಣಿ ಪದ್ಮಾಳ ಅಣ್ಣ ಮಾದೇಶಣ್ಣನದು. ನಾನು ಅವರನ್ನು ಬಾವ ಎನ್ನುತ್ತೇನೆ, ಅವರು ನನ್ನನ್ನು ತಮಿಳಿನಲ್ಲಿ ಮಾಪ್ಳೆ, ಎಂದರೆ ಅಳಿಯ, ಎನ್ನುತ್ತಾರೆ. ಅವರ ಊರು ನಂಗವಳ್ಳಿ ದಾಟಿ ಮೆಟ್ಟೂರಿನ ಹಿನ್ನೀರಿನ ಕಡೆಗೆ ಹೋದರೆ ಸಿಗುತ್ತದೆ. ಹೊಲವಿದೆ, ತೆಂಗಿದೆ, ಎಲ್ಲ ಇದೆ. ಆದರೆ ಬಾವನ ಜೀವವಿರುವುದು ನೀರಿನಲ್ಲಿ. ಊರಿನ ಮಿಕ್ಕವರೆಲ್ಲ ಪರಿಸಲಿನಲ್ಲಿ ಮೀನಿಗೆ ಹೋಗುತ್ತಾರೆ. ಪರಿಸಲು ಎಂದರೆ ದೊಡ್ಡ ಮಂಕರಿಯಂತೆ ದುಂಡಗಿನ ಹರಿಗೋಲು. ಬಾವ ಮಾತ್ರ ಎಲ್ಲಿಂದಲೋ ಒಂದು ಹಳೆಯ ಫೈಬರ್ ದೋಣಿ ತಂದು, ಅದಕ್ಕೆ ನೀಲಿ ಬಣ್ಣ ಬಳಿದು, ಬಾಲಕ್ಕೆ ಸಣ್ಣ ಮೋಟಾರು ಕಟ್ಟಿದರು. ಮುಂದಕ್ಕೆ ಒಂದು ಹಾರನ್. ಹಿನ್ನೀರಿನಲ್ಲಿ ಹಾರನ್ ಯಾರಿಗೆ ಎಂದು ಕೇಳಿದರೆ, “ಕೊಕ್ಕರೆಗೆ” ಎಂದರು. ಆಮೇಲೆ ಕಡಲ ಕಡೆಯವರಿಂದ ಒಂದು ಸ್ಕ್ರೀನಿನ ಡಬ್ಬ ಬಂತು. ಅದು ನೀರಿನ ಆಳ ಹೇಳುತ್ತದೆ, ಕೆಳಗೆ ಮೀನು ಹೋದರೆ ಬಣ್ಣದ ಗೆರೆ ಬರೆದು ತೋರಿಸುತ್ತದೆ. ಸಂಜೆ ಬಲೆ ಬಿಟ್ಟು ಬರುವುದು, ಬೆಳಕು ಹರಿಯುವ ಮೊದಲು ಹೋಗಿ ಎತ್ತುವುದು, ಬಿಸಿಲೇರುವ ಹೊತ್ತಿಗೆ ಮೀಸೆ ತಿರುವಿಕೊಂಡು ದಡಕ್ಕೆ ಬರುವುದು. ಇಷ್ಟಕ್ಕಿಂತ ಹೆಚ್ಚಿನ ಸ್ವರ್ಗ ಬಾವನಿಗೆ ಬೇಕಿರಲಿಲ್ಲ.

ಮಾರ್ಗಳಿ ತಿಂಗಳ, ಎಂದರೆ ಧನುರ್ಮಾಸದ, ಒಂದು ಬೆಳಗ್ಗೆ ಆ ಸ್ವರ್ಗಕ್ಕೆ ಮಂಜು ಕವಿಯಿತು. ನಮ್ಮ ಕಡೆ ಮಂಜಿಗೆ ತಮಿಳಿನ ‘ಪನಿ’ಯೇ ಬಳಕೆಯಲ್ಲಿದೆ. ಬಾವ ಬಲೆ ಎತ್ತುವಷ್ಟರಲ್ಲಿ ಪನಿ ಇಳಿದು, ತಮ್ಮ ಮೋಟಾರು ತಮಗೇ ಕಾಣದಂತಾಯಿತಂತೆ. ಹೋದರು, ಹೋದರು, ಎಷ್ಟು ಹೋದರೂ ನೀರೇ. ದಡದಲ್ಲಿ ಅವರ ಹೆಂಡತಿ ಗೌರಮ್ಮಕ್ಕ ಸ್ಟೀಲ್ ತಟ್ಟೆ ಬಡಿಯುತ್ತ, ಅಳುತ್ತ, ಮಾದಪ್ಪನಿಗೆ ಹರಕೆ ಹೊರುತ್ತ ನಿಂತಿದ್ದರು. ಮೋಟಾರಿನ ಸದ್ದಿನಲ್ಲಿ ಬಾವನಿಗೆ ತಟ್ಟೆಯ ಸದ್ದು ಕೇಳಿಸಲಿಲ್ಲ. ಕೊನೆಗೆ ದೋಣಿ ಎಲ್ಲೋ ಮಣ್ಣಿಗೆ ತಾಗಿತು. ಮಂಜಿನಲ್ಲಿ ಒಂದು ಹೆಣ್ಣು ಆಕಾರ ಕಂಡಿತು. ಯಾವ ಊರೋ, ಯಾರ ಮನೆಯ ಹೆಣ್ಣೋ ಎಂದು ಬಾವ ತುಂಬ ಮರ್ಯಾದೆಯಿಂದ ತಮಿಳಿನಲ್ಲಿ ಕೇಳಿದರು: “ಅಮ್ಮಾ, ಇದು ಎಂದ ಊರುಮ್ಮಾ?” ಆಕಾರ ಕನ್ನಡದಲ್ಲಿ ಉತ್ತರ ಕೊಟ್ಟಿತು: “ನಿನ್ನ ಕಟ್ಕೊಂಡ ಕರ್ಮಕ್ಕೆ ನಾನ್ ಬಂದು ಸೇರಿದ್ ಊರು ಕಣಯ್ಯಾ!”

ಈ ಕಥೆ ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೌರಮ್ಮಕ್ಕ ನಗಲಿಲ್ಲ. ಆ ಬೆಳಗ್ಗೆ ಆಕೆ ಪಟ್ಟ ಭಯ ತಮಾಷೆಯದಲ್ಲ, ಅದು ನಮಗೆ ಆಮೇಲೆ ತಿಳಿದು ನಾಚಿಕೆಯಾಯಿತು. ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟರು, ಪೊಂಗಲ್ ಒಳಗೆ ಮನೆಯ ದಾರಿ ತೋರಿಸುವ ಯಂತ್ರ ದೋಣಿಯಲ್ಲಿರಬೇಕು, ಅದು ಕೆಲಸ ಮಾಡುವುದನ್ನು ತಾನು ಕಣ್ಣಾರೆ ನೋಡಬೇಕು. ಇಲ್ಲವಾದರೆ ದೋಣಿ ಕಂಬೈನಲ್ಲೂರಿಗೆ. ಕಂಬೈನಲ್ಲೂರಿನಲ್ಲಿ ಆಕೆಯ ಚಿಕ್ಕಪ್ಪನ ಮಗನೊಬ್ಬನಿದ್ದಾನೆ. ಅಲ್ಲಿ ದೋಣಿ ತೇಲಿಸುವಂಥ ನೀರೇನೂ ಇಲ್ಲ. ಅವನು ದೋಣಿ ನೋಡಿದಾಗಲೆಲ್ಲ, “ದನಕ್ಕೆ ನೀರ್ ಇಡಾಕೆ ಅಳತೆ ಮಾಡ್ಸಿದಂಗೈತೆ” ಎನ್ನುತ್ತಾನಂತೆ. ತನ್ನ ನೀಲಿ ದೋಣಿಯೊಳಗೆ ಎಮ್ಮೆ ಮುಸುಡಿ ಇಡುವ ಚಿತ್ರ ಕಣ್ಣ ಮುಂದೆ ಬಂದು ಬಾವನಿಗೆ ಅನ್ನ ಸೇರದಾಯಿತು. ಕೂಡಲೇ ಒಂದು ಜಿಪಿಎಸ್ ತರಿಸಿದರು. ತರಿಸಿ ಊರಿಗೆಲ್ಲ ಸಾರಿದರು, “ನಮ್ ಮಾಪ್ಳೆ ಬತ್ತಾರೆ. ಕರೆಂಟ್ ಆಪೀಸು. ಕಣ್ ಮುಚ್ಚಿ ತೆಗೆಯೋದ್ರೊಳ್ಗೆ ಕನೆಕ್ಷನ್ ಕೊಟ್ಬುಡ್ತಾರೆ.”

ಫೋನ್ ಬಂದಾಗ ನಾನು ಊಟ ಮಾಡುತ್ತಿದ್ದೆ. ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. “ದೋಣಿ ಕರೆಂಟು ಬೇರೆ ಇಲಾಖೆ ಕಣೆ” ಎಂದು ಪದ್ಮಾಳಿಗೆ ಹೇಳಿದೆ. ಅವಳು ಕೇಳಲಿಲ್ಲ. “ನಾನಿದೀನಲ್ಲ. ಪುಸ್ತಕ ನಾನು ಓದ್ತೀನಿ, ದಡದ ಮೇಲೆ ಕೂತು ಹೇಳ್ತೀನಿ. ನೀವು ಹೇಳಿದ ಹಾಗೆ ಕಟ್ಟಿ. ದೋಣಿ ಒಳಗೆ ನೀವೇ ಇರ್ಬೇಕು. ನಾನು ಕಟ್ಟಿದ್ರೆ ಊರೋರು ಏನಂತಾರೆ?” ಅವಳು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಅಚ್ಚಿನಲ್ಲಿರುವುದು ಯಾವುದೂ ಅವಳನ್ನು ಹೆದರಿಸುವುದಿಲ್ಲ. ಹಾಗೆ ಭಾನುವಾರ ಬೆಳಗ್ಗೆ ಸ್ಕ್ರೂಡ್ರೈವರು, ಟೇಪು, ಒಂದು ಡಬ್ಬಿ ಚಕ್ಕುಲಿ ಎಲ್ಲ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಇಲ್ಲಿ ಒಂದು ಅಕ್ಷರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅದು ಹಕಾರ. ಸೇಲಂನ ನಮ್ಮ ಮನೆಯಲ್ಲಿ ಕನ್ನಡವನ್ನು ಯಾರೂ ಶಾಲೆಯಲ್ಲಿ ಕಲಿತವರಲ್ಲ. ಆದರೆ ನಮ್ಮಮ್ಮನಿಗೆ ಹಕಾರದ ಮೇಲೆ ವಿಪರೀತ ಅಭಿಮಾನ. ಹಾಲು, ಹಣ್ಣು, ಹೂವು ಎಂದು ಎದೆಯಿಂದ ಉಸಿರು ತೆಗೆದು ಹೇಳಬೇಕು. ಪದ್ಮಾಳ ಊರಿನಲ್ಲಿ ಹಕಾರವನ್ನು ಯಾರೂ ಸಾಕುವುದಿಲ್ಲ. ಅಲ್ಲಿ ಆಲು, ಅಣ್ಣು, ಊವು. ಮದುವೆಯಾಗಿ ಬಂದ ಮೇಲೆ ಪದ್ಮಾ ಅತ್ತೆಯ ಕೈಯಲ್ಲಿ ಪಳಗಿ ಹಕಾರವನ್ನು ಪೂರ್ತಿ ರೂಢಿಸಿಕೊಂಡಳು. ಈಗ ನನಗಿಂತ ಚೆನ್ನಾಗಿ ಹೇಳುತ್ತಾಳೆ. ಆದರೆ ತವರಿಗೆ ಹೋಗುವಾಗ ಬಸ್ಸು ನಂಗವಳ್ಳಿಯಲ್ಲಿ ನಿಂತಿತೆಂದರೆ ಹಕಾರವೂ ಅಲ್ಲೇ ಇಳಿದುಬಿಡುತ್ತದೆ. ವಾಪಸು ಬರುವಾಗ ಮತ್ತೆ ಅಲ್ಲೇ ಹತ್ತಿಕೊಳ್ಳುತ್ತದೆ. ಇಷ್ಟು ವರ್ಷ ನಾನು ಇದನ್ನು ಮೆಚ್ಚಿಕೊಂಡೇ ಇದ್ದೆ. ಇದರಿಂದ ಅಪಾಯವಾಗಬಹುದು ಎಂದು ಆಲೋಚಿಸಿರಲಿಲ್ಲ.

ದಡ ತಲುಪಿದಾಗ ಜನ ಆಗಲೇ ಸೇರಿದ್ದರು. ಪರಿಸಲಿನವರೆಲ್ಲ ತಮ್ಮ ಪರಿಸಲು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದರು. “ವಾಂಗ ಮಾಪ್ಳೆ, ಬನ್ನಿ ಬನ್ನಿ” ಎಂದು ಬಾವ ಓಡಿಬಂದರು. “ಬನ್ನಿ ಅಣ್ಣಾ” ಎಂದರು ಗೌರಮ್ಮಕ್ಕ. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ಯಾರು ದೊಡ್ಡವರು ಎಂಬ ಪ್ರಶ್ನೆ ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ. ಅವತ್ತು ಅವರ ಮುಖದಲ್ಲಿ ನಗು ಇರಲಿಲ್ಲ. “ಇವತ್ತು ಗೊತ್ತಾಗೋಗ್ಲಿ ಅಣ್ಣಾ, ದೋಣಿ ಇಲ್ಲಿರ್ತೈತಾ, ಕಂಬೈನಲ್ಲೂರ್ಗೆ ಓಯ್ತೈತಾ ಅಂತ” ಎಂದರು. ಬಾವ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಅಮುಕಿದರು. ಆಪರೇಷನ್ ಕೋಣೆಯ ಮುಂದೆ ಡಾಕ್ಟರ ಕೈಯನ್ನು ಹಾಗೆ ಹಿಡಿಯುವುದನ್ನು ನೋಡಿದ್ದೇನೆ. ನನಗೆ ಅಲ್ಲಿಂದಲೇ ವಾಪಸು ಬಸ್ಸು ಹಿಡಿಯೋಣ ಎನ್ನಿಸಿತು.

ಜಿಪಿಎಸ್ ನೋಡಲು ಬಿಳಿ ಅಣಬೆಯಂತಿತ್ತು. ಅದನ್ನು ದೋಣಿಯ ಮೂತಿಯ ಹತ್ತಿರ, ಆಕಾಶ ಚೆನ್ನಾಗಿ ಕಾಣುವಂತೆ ಒಂದು ಕೋಲಿಗೆ ಕಟ್ಟಿದೆವು. ಅಷ್ಟು ಕೆಲಸಕ್ಕೇ ದಡದಲ್ಲಿ ಮೆಚ್ಚುಗೆಯ ಗುಜುಗುಜು. ಅಣಬೆಯಿಂದ ನಾಲ್ಕು ವೈರು ಇಳಿದಿದ್ದವು, ಕೆಂಪು, ಕಪ್ಪು, ಹಳದಿ, ಬಿಳಿ. ಸ್ಕ್ರೀನಿನ ಡಬ್ಬದ ಹಿಂದೆಯೂ ಅವೇ ನಾಲ್ಕು ಬಣ್ಣ. ಅಣಬೆ ಮೇಲಿನ ಉಪಗ್ರಹಗಳ ಮಾತು ಹಿಡಿದು ನಾವೆಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತದೆ. ಆ ಸುದ್ದಿಯನ್ನು ವೈರಿನಲ್ಲಿ ಡಬ್ಬಕ್ಕೆ ದಾಟಿಸಬೇಕು. ಆಗ ಡಬ್ಬ ನಕ್ಷೆಯ ಮೇಲೆ ನಮ್ಮ ದೋಣಿಯನ್ನು ತೋರಿಸುತ್ತದೆ. ಕೆಂಪಿಗೆ ಬ್ಯಾಟರಿಯ ಕೆಂಪು, ಕಪ್ಪಿಗೆಲ್ಲ ಕಪ್ಪು. ಇಲ್ಲಿಯವರೆಗೆ ನನ್ನಂಥವನೂ ನಿಭಾಯಿಸಬಲ್ಲ. ನಾನು ಹಲಗೆಯ ಕೆಳಗೆ ತಲೆ ತೂರಿಸಿ ಮಲಗಿದೆ. ಪುಸ್ತಕ ಒದ್ದೆಯಾದೀತು ಎಂದು ಪದ್ಮಾ ದಡದ ಕಲ್ಲಿನ ಮೇಲೆ ಕುಳಿತು, ಅಲ್ಲಿಂದಲೇ ಓದಿ ಕೂಗಿದಳು: “ರೀ! ಅಣಬೆಯ ಏಳೋ ವೈರ್ನ ಡಬ್ಬದ್ ಕೇಳೋ ವೈರ್ಗೆ ಆಕಿ!”

ಏಳೋ ವೈರು. ನಾನು ಕತ್ತು ತಿರುಗಿಸಿ ನೋಡಿದೆ. ಹಲಗೆಯ ಕೆಳಗೆ ದೋಣಿಯ ಹಳೆಯ ವೈರುಗಳ ಒಂದು ಗೊಂಚಲಿತ್ತು. ಯಾವನೋ ಪುಣ್ಯಾತ್ಮ ಒಂದೊಂದಕ್ಕೂ ಚೀಟಿ ಅಂಟಿಸಿ ನಂಬರು ಬರೆದಿದ್ದ. ಹುಡುಕಿದೆ. ಏಳು ಇತ್ತು! ಪುಸ್ತಕದಲ್ಲಿ ಹೇಳಿದ್ದು ದೋಣಿಯಲ್ಲಿ ಇದೆಯೆಂದರೆ ಅದಕ್ಕಿಂತ ಸಂತೋಷ ಏನಿದೆ? “ಏಳು ಸಿಕ್ತು!” ಎಂದು ಕೂಗಿದೆ. “ಸಿಕ್ತಾ? ತುದಿ ಬಿಡಿಸ್ಕೊಳ್ಳಿ!” ಎಂದಳು. ಏಳನೆಯ ವೈರನ್ನು ಅದಿದ್ದಲ್ಲಿಂದ ಕಿತ್ತು, ಹಲ್ಲಿನಿಂದ ಸಿಪ್ಪೆ ಬಿಡಿಸಿ, ತುದಿ ಹೊಸೆಯುತ್ತಿರುವಾಗ ಅದು ಪಕ್ಕದ ಕಪ್ಪು ವೈರಿನ ತಾಮ್ರಕ್ಕೆ ತಾಗಿತು. ಬಾವನ ಕೊಕ್ಕರೆ ಹಾರನ್ ನನ್ನ ತಲೆಯ ಮೇಲೆಯೇ ಬೋಂ ಎಂದು ಬಾಯಿ ತೆರೆಯಿತು. ಬೆಚ್ಚಿ ತಲೆ ಎತ್ತಿ ಹಲಗೆಗೆ ಹೊಡೆದುಕೊಂಡೆ, ಕೈಯಲ್ಲಿದ್ದ ವೈರು ಬಿಟ್ಟೆ. ಅದು ಕಪ್ಪು ವೈರಿಗೆ ಸಿಕ್ಕಿಹಾಕಿಕೊಂಡು ಕೂತಿತು. ಹಿನ್ನೀರಿನ ಹಕ್ಕಿಗಳೆಲ್ಲ ಎದ್ದವು. ಊರಿನೊಳಗೆ ಉಳಿದಿದ್ದ ಜನವೂ ಓಡಿಬಂದರು. ಬಾವ ನೀರಿಗೆ ಧುಮುಕಿ ಬಂದು ಬ್ಯಾಟರಿಯನ್ನೇ ಕಿತ್ತರು.

“ಆರನ್ ವೈರ್ ಯಾಕ್ರೀ ಮುಟ್ಟಿದ್ರಿ?” ಎಂದಳು ಪದ್ಮಾ. “ನೀನೇ ತಾನೇ ಏಳು ಅಂದೆ?” “ಏಳು ಅಲ್ಲಾರೀ, ಏಳು! ಏಳೋದು!” “ಏಳೋದಾ? ಏಳೋಕೆ ಹೋಗಿಯೇ ತಲೆಗೆ ಹೊಡೆದುಕೊಂಡಿದ್ದು!” “ಅಯ್ಯೋ, ಎದ್ದೇಳೋದಲ್ಲ, ಬಾಯ್ಬುಟ್ಟು ಏಳೋದು!” ದಡದ ಜನ ಇಬ್ಬರನ್ನೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಪರಿಸಲಿನ ಮೇಲೆ ಕುಳಿತಿದ್ದ ಒಬ್ಬ ಮುದುಕರಿಗೆ ಕನಿಕರ ಬಂದು, “ಸೊಲ್ರ ವಯರು, ಸಾಮೀ, ಸೊಲ್ರ ವಯರು” ಎಂದರು. ಆಗ ತಿಳಿಯಿತು. ಹೇಳೋ ವೈರು! ಅಣಬೆ ಸುದ್ದಿ ಹೇಳುವ ವೈರು, ಹಳದಿ. ನಮ್ಮಮ್ಮ ಅಷ್ಟು ಅಕ್ಕರೆಯಿಂದ ಕಾಪಾಡಿದ ಒಂದು ಅಕ್ಷರವಿದ್ದಿದ್ದರೆ ಹಕ್ಕಿಗಳಿಗಾದರೂ ನೆಮ್ಮದಿಯಿರುತ್ತಿತ್ತು.

ಹೇಳುವುದು ಬಗೆಹರಿಯಿತು, ಕೇಳುವುದು ಉಳಿಯಿತು. ಪುಸ್ತಕದ ಇಂಗ್ಲಿಷಿನಲ್ಲಿ ಅಣಬೆ ಟಾಕರ್, ಡಬ್ಬ ಲಿಸನರ್. ಟಾಕರಿನ ಬಾಯಿಂದ ಬಂದ ವೈರು ಲಿಸನರಿನ ಕಿವಿಗೆ ಹೋಗಬೇಕು. ಪದ್ಮಾ ಅದನ್ನು ಕೇಳೋ ವೈರು ಎಂದು ಸರಿಯಾಗಿಯೇ ಕನ್ನಡಿಸಿದ್ದಳು. ಆದರೆ ನಮ್ಮ ಕನ್ನಡದಲ್ಲಿ ಕೇಳುವುದು ಎಂದರೆ ಕಿವಿಯಿಂದ ಕೇಳುವುದೂ ಹೌದು, ಬಾಯಿಬಿಟ್ಟು ಪ್ರಶ್ನೆ ಕೇಳುವುದೂ ಹೌದು. ಇಲ್ಲಿ ತಮಿಳೂ ಕೈಹಿಡಿಯಲಿಲ್ಲ, ಅದರಲ್ಲೂ ಕೇಳು ಎಂದರೆ ಎರಡೂ ಅರ್ಥ. ನಾನು ಹಲಗೆಯ ಕೆಳಗೆ ಮಲಗಿ ದೀರ್ಘವಾಗಿ ಆಲೋಚಿಸಿದೆ. ತಾನೆಲ್ಲಿದ್ದೇನೆ ಎಂದು ಗೊತ್ತಿಲ್ಲದಿರುವುದು ಯಾರಿಗೆ? ಡಬ್ಬಕ್ಕೆ. ಹಾಗಾದರೆ ಕೇಳುವವನು ಯಾರು? ಡಬ್ಬ. ಅಮ್ಮಾ ಇದು ಯಾವ ಊರು ಎಂದು ಕೇಳಬೇಕಾದರೆ ಬಾಯಿ ಬೇಡವೇ? ಪುಸ್ತಕದ ಪ್ರಕಾರ ಡಬ್ಬದ ಬಾಯಿಯೂ ಹಳದಿ ವೈರೇ, ಕಿವಿ ಎರಡರದ್ದೂ ಬಿಳಿ. ಹಳದಿಗೆ ಹಳದಿ ಸೇರಿಸಿದೆ. ಬಿಳಿಗೆ ಬಿಳಿ. ಬಣ್ಣಕ್ಕೆ ಬಣ್ಣ ಕೂಡಿದ್ದು ನೋಡಿ ಕಣ್ಣಿಗೂ ಹಿತವಾಯಿತು. ಪದ್ಮಾಳನ್ನು ಇನ್ನೊಮ್ಮೆ ವಿಚಾರಿಸಬಹುದಿತ್ತು. ಆದರೆ ಹಾರನ್ ಪ್ರಸಂಗದ ನಂತರ ಜನರ ಮುಂದೆ ಮತ್ತೆ ಪಾಠ ಹೇಳಿಸಿಕೊಳ್ಳಲು ಮನಸ್ಸಾಗಲಿಲ್ಲ.

ಬ್ಯಾಟರಿ ಕೊಟ್ಟೆವು. ಸ್ಕ್ರೀನ್ ಹತ್ತಿತು. ನೀರಿನ ಆಳ ಮೊಣಕಾಲುದ್ದ ಎಂದು ತೋರಿಸಿತು, ಬಾವನ ಮೊಣಕಾಲು ನೋಡಿದರೆ ಅದು ನಿಜವೇ. ನಕ್ಷೆಯ ಪುಟದಲ್ಲಿ ಮಾತ್ರ ‘ಪೊಸಿಷನ್ ಇಲ್ಲ’ ಎಂಬ ಒಂದೇ ಸಾಲು. ಆಕಾಶಕ್ಕೆ ಸ್ವಲ್ಪ ಸಮಯ ಕೊಡಬೇಕು ಎಂದೆ. ಕೊಟ್ಟೆವು. ಟೀ ಬಂತು, ಚಕ್ಕುಲಿ ಡಬ್ಬಿ ಖಾಲಿಯಾಯಿತು. ಪೊಸಿಷನ್ ಇಲ್ಲ. “ಒಳಗಡೆ ಹೋಗಿರಬಹುದು” ಎಂದು ಹೇಳಿ ನೋಡಿದೆ. ಮಿಕ್ಸಿಗೆ ಒದಗುತ್ತಿದ್ದ ಆ ಮಾತು ಇಲ್ಲಿ ಒದಗಲಿಲ್ಲ. ಬಾವನ ಮುಖ ಸಪ್ಪೆಯಾಯಿತು. ದೋಣಿಯ ಅಂಚನ್ನು ಎಮ್ಮೆಯ ಬೆನ್ನು ಸವರಿದಂತೆ ಸವರುತ್ತ ನಿಂತುಬಿಟ್ಟರು. ಆಗ ನನಗೆ ನಿಜವಾಗಿ ಸಂಕಟವಾಯಿತು. ನನ್ನ ಮಾನ ಹೋದರೆ ಸೇಲಂಗೆ ಹೋಗಿ ಅಡಗಿಕೊಳ್ಳಬಹುದು, ಅವರಿಗೆ ದೋಣಿಯೇ ಹೋಗುತ್ತದೆ.

ಗೌರಮ್ಮಕ್ಕ ಎದ್ದು ಸೆರಗು ಸಿಕ್ಕಿಸಿದರು. “ಆಯ್ತು. ನಾನ್ ಕಂಬೈನಲ್ಲೂರ್ಗೆ ಪೋನ್ ಆಕ್ತೀನಿ.” “ಏ, ಸುಮ್ಕಿರೇ, ಮಾಪ್ಳೆ ಮಾಡ್ತಾ ಅವ್ರೆ” ಎಂದರು ಬಾವ. ಅಷ್ಟಕ್ಕೆ ಶುರುವಾಯಿತು. ಪನಿಯಲ್ಲಿ ತಾನು ತಟ್ಟೆ ಬಡಿದದ್ದನ್ನು ಆಕೆ ಹೇಳುತ್ತಿದ್ದಾರೆ, ಆಗಲೇ ಬಾವ ದೋಣಿಗೆ ತಾನು ಬಣ್ಣ ಬಳಿದದ್ದನ್ನು ಹೇಳುತ್ತಿದ್ದಾರೆ. “ನೀನ್ ಸತ್ತೋದ್ಯೇನೋ ಅಂತ ನಿಂತಿದ್ದೆ ಕಣಯ್ಯಾ” ಎಂದು ಆಕೆ ಅಳು ನುಂಗಿಕೊಂಡು ಕೂಗಿದ್ದು, “ನಾನ್ ಬೇರೆ ಏನಾರ ಕೇಳಿದ್ನಾ ನಿನ್ನ” ಎಂದು ಬಾವ ಕೂಗಿದ್ದು ಒಂದರ ಮೇಲೊಂದು ಬಿದ್ದು ಯಾವುದೂ ಯಾರಿಗೂ ಮುಟ್ಟಲಿಲ್ಲ. ಕಲ್ಲಿನ ಮೇಲಿಂದ ಪದ್ಮಾ ಇಬ್ಬರನ್ನೂ ಗದರಿದಳು: “ಅಣ್ಣಾ! ಅತ್ಗೇ! ಇಬ್ರೂ ಬಾಯಿಗ್ ಬಾಯಿ ಕೊಟ್ರೆ ಕೇಳೋರ್ ಯಾರು? ಒಬ್ರಾದ್ರೂ ಕಿವಿ ಕೊಡಿ!”

ಬಾಯಿಗೆ ಬಾಯಿ ಕೊಟ್ಟವರು ಹಲಗೆಯ ಕೆಳಗೂ ಇದ್ದರು. ನಾನು ಕಟ್ಟಿದ್ದೂ ಅದೇ ತಾನೆ? ಎರಡು ಬಾಯಿಗಳನ್ನು ಒಂದಕ್ಕೊಂದು ಗಂಟು ಹಾಕಿ, ಎರಡು ಕಿವಿಗಳನ್ನು ಒಂದಕ್ಕೊಂದು ಗಂಟು ಹಾಕಿ, ಇನ್ನು ಸಂಸಾರ ಮಾಡಿ ಎಂದು ಬಿಟ್ಟಿದ್ದೆ. ಮತ್ತೆ ತಲೆ ತೂರಿಸಿದೆ. ಅಣಬೆಯ ಹಳದಿಯನ್ನು ಬಿಡಿಸಿ ಡಬ್ಬದ ಬಿಳಿಗೆ ಸುತ್ತಿದೆ, ಡಬ್ಬದ ಹಳದಿಯನ್ನು ಅಣಬೆಯ ಬಿಳಿಗೆ ಕೊಟ್ಟೆ. ಬಣ್ಣಕ್ಕೆ ಬಣ್ಣ ಕೂಡದೆ ನೋಡಲು ಅಸಹ್ಯವಾಗಿತ್ತು. ಆದರೆ ಸ್ಕ್ರೀನಿನ ಮೂಲೆಯಲ್ಲಿ ಏನೋ ಮಿಣುಕಿತು.

ಮಿಣುಕಿದ್ದು ಅರ್ಥವಾಗಲಿಲ್ಲ, ಯಂತ್ರಕ್ಕೂ ಅರ್ಥವಾಗುತ್ತಿರಲಿಲ್ಲ. ಪದ್ಮಾ ಪುಟ ತಿರುವಿ, ಹೇಳುವವನ ವೇಗ ಕೇಳುವವನ ವೇಗ ಒಂದೇ ಇರಬೇಕಂತೆ, ಸೆಟ್ಟಿಂಗ್‌ನಲ್ಲಿ ನೋಡಿ ಎಂದಳು. ಇದು ನನಗೆ ಒಡನೆಯೇ ಮನದಟ್ಟಾಯಿತು. ನನ್ನ ಚಿಕ್ಕಪ್ಪ ಒಬ್ಬರು ಪಾಲಕೋಡ್ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವವರು. ಇಡೀ ಜೀವಮಾನ ಅದೇ ವೇಗದಲ್ಲಿ ಮಾತಾಡಿ ನಾಲಿಗೆಗೆ ಬೇರೆ ವೇಗವೇ ಗೊತ್ತಿಲ್ಲ. ನನಗೆ ಹೆಣ್ಣು ನೋಡಲು ಹೋದಾಗ ಅವರು ನಮ್ಮ ವಂಶಾವಳಿ ಹೇಳಿದ್ದನ್ನು ಪದ್ಮಾಳ ಅಪ್ಪ ತಲೆಯಾಡಿಸಿ ಕೇಳಿ, ಆಮೇಲೆ ಒಳಗೆ ಹೋಗಿ, “ಏನ್ ಏಳುದ್ರು?” ಎಂದು ವಿಚಾರಿಸಿದರಂತೆ. ಮಂಡಿಯ ವ್ಯಾಪಾರಿಗಳಿಗೆ ಮಾತ್ರ ಅವರ ಒಂದಕ್ಷರವೂ ತಪ್ಪುವುದಿಲ್ಲ. ನಮ್ಮ ಡಬ್ಬ ಮಂಡಿಯ ವೇಗಕ್ಕೆ ಕಿವಿ ತೆರೆದು ಕುಳಿತಿತ್ತು, ಪಾಪ ಅಣಬೆ ನಿಧಾನದ ಮನುಷ್ಯ. ಬಟನ್ ಒತ್ತಿ ಒತ್ತಿ ಡಬ್ಬವನ್ನು ಅಣಬೆಯ ವೇಗಕ್ಕೆ ಇಳಿಸಿದೆ.

ನಕ್ಷೆ ತೆರೆದುಕೊಂಡಿತು! ನೀಲಿ ಹಿನ್ನೀರು, ಅದರ ಅಂಚು, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ದೋಣಿ. ಬಾವ ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದರು. “ಮಾಪ್ಳೆ, ಇದ್ರೊಳ್ಗೆ ನಾನ್ ಇವ್ನಾ?” ಎಂದರು. ಇದ್ದೀರಿ ಎಂದೆ. ಅಕ್ಕಿಕಾಳಿಗೆ ಕೈ ಮುಗಿದರು. ದಡದಲ್ಲಿ ಶಿಳ್ಳೆ ಬಿತ್ತು. ಪರಿಸಲಿನ ಮುದುಕರು ಎದ್ದು ಬಂದು, ತಮ್ಮ ಹೆಗಲ ಮೇಲಿನ ಟವಲನ್ನು ನನಗೆ ಶಾಲಿನಂತೆ ಹೊದಿಸಿದರು. ಅದರಲ್ಲಿ ಮೀನಿನ ವಾಸನೆ ದಟ್ಟವಾಗಿತ್ತು. ಆದರೂ ನಾನು ತೆಗೆಯಲಿಲ್ಲ.

ಗೌರಮ್ಮಕ್ಕ ಅಷ್ಟಕ್ಕೆಲ್ಲ ಕರಗುವವರಲ್ಲ. ಪರೀಕ್ಷೆ ಆಗಲೇಬೇಕು ಎಂದರು. ಮನೆಯ ಜಾಗವನ್ನು ಯಂತ್ರದಲ್ಲಿ ಗುರುತು ಮಾಡಿಟ್ಟು, ದೂರ ಹೋಗಿ, ಅಲ್ಲಿಂದ ಬಾವ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೋಟಾರು ಹಿಡಿಯಬೇಕು. ಯಂತ್ರದ ಮುಂದೆ ತಾನೇ ಕುಳಿತು, ಅದು ತೋರಿಸಿದಂತೆ ಎಡ ಬಲ ಹೇಳುವುದು. ಪನಿ ಎಂದರೆ ಅದೇ ತಾನೆ? ಎಲ್ಲರಿಗೂ ನ್ಯಾಯವಾಗಿ ಕಂಡಿತು. ಬಾವ ಬಟ್ಟೆಯ ಸಂದಿಯಲ್ಲಿ ಇಣುಕದಂತೆ ಕಾಯಲು ನನ್ನನ್ನು ಅವರ ಪಕ್ಕದಲ್ಲಿ ಕೂರಿಸಿದರು. ನನಗೆ ಈಜು ಬಾರದು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೋಣಿ ಹೊರಟಿತ್ತು.

ನೀರಿನ ನಡುವೆ ದೋಣಿ ತಿರುಗಿತು. ಬಾವನ ಕಣ್ಣಿಗೆ ಟವಲು ಬಿಗಿದೆ. ನಾನು ಹಲಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಮುಂದಿನಿಂದ ಗೌರಮ್ಮಕ್ಕನ ದನಿ ಕೇಳುತ್ತಿತ್ತು. “ಎಡ್ಕೆ… ಇನ್ನೊಸಿ ಎಡ್ಕೆ… ಆಂ, ನೇರಾ ಓಗು… ಬಲ್ಕೆ ಒಸಿ.” ಬಾವ ತುಟಿ ಪಿಟಕ್ಕೆನ್ನದೆ, ಹೇಳಿದ್ದಷ್ಟನ್ನು ಮಾಡುತ್ತಿದ್ದರು. ಆ ದನಿಯಲ್ಲಿ ಮೊದಲಿದ್ದ ಬಿರುಸು ಕರಗಿ, ಕೊನೆಕೊನೆಗೆ ಹಾಡಿನ ಹಾಗಾಯಿತು. ದೋಣಿ ಮಣ್ಣಿಗೆ ಮೆತ್ತಗೆ ತಾಗಿತು. ಕಣ್ಣು ತೆರೆದರೆ, ಪದ್ಮಾ ಕುಳಿತಿದ್ದ ಕಲ್ಲಿನ ಪಕ್ಕದಲ್ಲೇ ಇದ್ದೇವೆ! ಬಾವ ಟವಲು ಕಿತ್ತೆಸೆದು ನೀರಿಗೆ ಹಾರಿದರು. ಜನ ಅವರನ್ನು ಎತ್ತಿಕೊಂಡರು. “ದೋಣಿ ಇರ್ಲಿ” ಎಂದರು ಗೌರಮ್ಮಕ್ಕ ಎಲ್ಲರಿಗೂ ಕೇಳುವಂತೆ. “ಎಲ್ಲೂ ಓಗಾಕಿಲ್ಲ. ಇನ್ಮ್ಯಾಕೆ ಪನಿ ದಿವ್ಸ ನಾನೂ ಜೊತೆಗೆ ಬತ್ತೀನಿ.”

ನನ್ನ ಎದೆ ಉಬ್ಬಿತು. ನನ್ನ ಕೈಕೆಲಸವನ್ನು ಒಮ್ಮೆ ಕಣ್ತುಂಬ ನೋಡಿಕೊಳ್ಳೋಣ ಎಂದು ಮುಂದಕ್ಕೆ ಹೋಗಿ ಬಗ್ಗಿದೆ. ಅಣಬೆಯ ಹಳದಿ ವೈರು ಗಂಟು ಬಿಚ್ಚಿಕೊಂಡು ಗಾಳಿಯಲ್ಲಿ ತೂಗಾಡುತ್ತಿತ್ತು. ಸ್ಕ್ರೀನಿನ ಮೇಲೆ ಅದೇ ಸಾಲು, ಪೊಸಿಷನ್ ಇಲ್ಲ. ಗೌರಮ್ಮಕ್ಕ ನನ್ನ ಮುಖ ನೋಡಿದರು, ದನಿ ತಗ್ಗಿಸಿದರು. “ಅದು ಅಲ್ಲಿ ದೋಣಿ ತಿರುಗಿಸ್ತಿದ್ದಂಗೇ ಬುಟ್ಕೊಂಡೋಯ್ತು ಅಣ್ಣಾ.”

“ಮತ್ತೆ ದಾರಿ?”

“ಎದ್ರುಗೇ ಮನೆ ಕಾಣ್ತಿತ್ತಲ್ಲ. ನನ್ ಕಣ್ಗೇನ್ ಯಾರೂ ಬಟ್ಟೆ ಕಟ್ಟಿರ್ಲಿಲ್ಲ.”

“ಹಾಗಾದ್ರೆ ದೋಣಿ ಇರಲಿ ಅಂದದ್ದು ಯಾಕಕ್ಕಾ?”

ಆಕೆ ದಡದಲ್ಲಿ ಮೆರವಣಿಗೆ ಹೊರಟಿದ್ದ ಗಂಡನ ಕಡೆ ನೋಡಿ ಮೊದಲ ಸಲ ನಕ್ಕರು. “ಮದ್ವೆ ಆದಾಗ್ನಿಂದ ನಾನ್ ಎಡ್ಕೆ ಅಂದ್ರೆ ಅವ್ರು ಎಡ್ಕೆ ಓಗಿದ್ದು ಇವತ್ತೇ ಅಣ್ಣಾ. ಯಂತ್ರ ಏಳ್ತೈತೆ ಅಂದ್ಕೊಂಡ್ರು. ಅಂದ್ಕೊಳ್ಲಿ.” ತೂಗಾಡುತ್ತಿದ್ದ ವೈರನ್ನು ನನ್ನ ಕೈಗಿಟ್ಟು ಹೇಳಿದರು, “ಆದ್ರೆ ನೀವ್ ಅದ್ನ ಗಟ್ಟಿಯಾಗಿ ಕಟ್ಕೊಟ್ಟೇ ಓಗ್ಬೇಕು. ನಿಜ್ವಾದ್ ಪನೀಲಿ ನಂಗೂ ಕಾಣಾಕಿಲ್ಲ.”

ಊಟದ ಹೊತ್ತಿನಲ್ಲಿ ಜನ ಚದುರಿದ ಮೇಲೆ ಪದ್ಮಾ ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿದಳು. ನಾನು ದಡದಲ್ಲಿ ಯಾರಾದರೂ ಬರುತ್ತಾರೋ ಎಂದು ಕಾವಲು ನಿಂತೆ. ವೈರುಗಳನ್ನು ಹೊಸೆದು, ಸ್ಕ್ರೂ ಬಿಗಿದು, ಮೇಲೆ ಟೇಪು ಸುತ್ತಿ, ಎಳೆದು ನೋಡಿದಳು. ಅಕ್ಕಿಕಾಳು ಮತ್ತೆ ನಕ್ಷೆಯ ಮೇಲೆ ಬಂದು ಕುಳಿತಿತು, ಈ ಸಲ ಅಲ್ಲಾಡಿಸಿದರೂ ಹೋಗಲಿಲ್ಲ. ಪೊಂಗಲ್ ಕಳೆದ ಮೇಲೆ ಒಂದು ಬೆಳಗ್ಗೆ ಬಾವನ ಫೋನ್ ಬಂತು. ಕೈ ಕಾಣದಂಥ ಪನಿಯಂತೆ, ಬಲೆ ತುಂಬ ಮೀನಂತೆ, ಗಂಡಹೆಂಡತಿ ಇಬ್ಬರೂ ಯಂತ್ರ ಹೇಳಿದಂತೆ ಬಂದು ತಮ್ಮ ಕಲ್ಲಿಗೇ ಸೇರಿದರಂತೆ. ಹಿಂದಿನಿಂದ ಗೌರಮ್ಮಕ್ಕನ ನಗು ಕೇಳುತ್ತಿತ್ತು. ನನಗೂ ಪದ್ಮಾಳಿಗೂ ಅವತ್ತು ತಿಂಡಿ ಮಾಡಲು ತೋಚದಷ್ಟು ಸಂತೋಷವಾಯಿತು.

ಈಗ ಆ ದಡದಲ್ಲಿ ನನ್ನ ಹೆಸರು ದೊಡ್ಡದು. ಪರಿಸಲಿಗೂ ಒಂದು ಜಿಪಿಎಸ್ ಕೂರಿಸಿಕೊಡಬೇಕು ಎಂದು ಆ ಮುದುಕರು ಹೇಳಿಕಳಿಸಿದ್ದಾರೆ. ಗಿರಗಿರ ತಿರುಗುವ ಪರಿಸಲಿಗೆ ಯಾವ ದಿಕ್ಕು ತೋರಿಸುವುದೋ ದೇವರಿಗೇ ಗೊತ್ತು. ಗೌರಮ್ಮಕ್ಕ ಬಾವಿಯ ಪಂಪ್‌ಸೆಟ್ ಹತ್ತಿರ ಹೊಸದಾಗಿ ನೆಟ್ಟ ಬದನೆ ಸಸಿಗೆ ಗೊಬ್ಬರ ಹೊತ್ತುಕೊಡಲು ಭಾನುವಾರ ಬನ್ನಿ ಅಣ್ಣಾ ಎಂದಿದ್ದಾರೆ, ಹೋಗುತ್ತೇನೆ. ಶನಿವಾರ ಅಟ್ಟ ಗುಡಿಸಬೇಕೆಂದು ಪದ್ಮಾಳ ಅಪ್ಪಣೆಯಾಗಿದೆ, ಗುಡಿಸುತ್ತೇನೆ. ಅವತ್ತು ದೋಣಿಯಲ್ಲಿ ಏನಾಯಿತು ಎಂದು ಈ ಇಬ್ಬರೂ ಇಂದಿನವರೆಗೆ ಯಾರಿಗೂ ಹೇಳಿಲ್ಲ. ಹಾಗಾಗಿ ಈ ಇಬ್ಬರೂ ಏನು ಹೇಳಿದರೂ ನಾನು ಕೇಳುತ್ತೇನೆ.